ಬೆಕ್ಕಿನ ಮರಿಗೆ ಭೇದಿ, ಬೀದಿಗೆಲ್ಲ ಸುದ್ದಿ

ನಗುವಂಥ ಸಂಗತಿಗಳು ನಮ್ಮ ಮನೆಗೆ ಯಾವಾಗಲೂ ಅಳುವ ಹೊತ್ತಿಗೇ ಬರುತ್ತವೆ. ಯಾಕೋ ಗೊತ್ತಿಲ್ಲ, ಮೊದಲಿನಿಂದಲೂ ಹಾಗೇ ಆಗುತ್ತಾ ಬಂದಿದೆ.

ನಾನು ಸುಗಟೂರಿನ ಕಡೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸು. ಊರವರ ಬಾಯಲ್ಲಿ ಸಿಸ್ಟರಮ್ಮ. ಮನೆಯಲ್ಲಿ ಮೂರೇ ಜನ: ನಾನು, ಕೋಲಾರ–ಶ್ರೀನಿವಾಸಪುರ ಬಸ್ಸು ಓಡಿಸುವ ನಮ್ಮ ಯಜಮಾನರು, ಮತ್ತೆ ಅತ್ತೆ. ಕಳೆದ ಶ್ರಾವಣದ ಒಂದು ಸೋಮವಾರ ನಾವು ನಾಲ್ವರಾದೆವು.

ಅವತ್ತು ಬೆಳಗಿನ ಟ್ರಿಪ್ಪಿನಲ್ಲಿ, ಟೊಮೆಟೊ ತುಂಬಿಕೊಂಡು ಮುಂದೆ ಹೋಗುತ್ತಿದ್ದ ಲಾರಿಗೆ ಮೋರಿಯೊಂದರ ಹತ್ತಿರ ಒಂದು ಬೆಕ್ಕು ಸಿಕ್ಕಿ ಸತ್ತದ್ದನ್ನು ಯಜಮಾನರು ಕಣ್ಣಾರೆ ನೋಡಿದರು. ವಾಪಸು ಬರುವಾಗ ಅದೇ ಮೋರಿಯ ಪಕ್ಕ, ಸತ್ತ ತಾಯಿಯ ಹೊಟ್ಟೆಗೆ ಮೂತಿ ಇಟ್ಟುಕೊಂಡು ಒಂದು ಮರಿ ಕೂತಿತ್ತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಸ್ಟಾಪಿಲ್ಲದ ಕಡೆ ಬಸ್ಸು ನಿಲ್ಲಿಸದ ಮನುಷ್ಯ ಅವತ್ತು ನಿಲ್ಲಿಸಿದರು. ಇಳಿದು, ತಾಯಿಯನ್ನು ರಸ್ತೆಯ ಅಂಚಿಗೆ ಸರಿಸಿ ಮಣ್ಣು ಮುಚ್ಚಿ, ಮರಿಯನ್ನು ಖಾಕಿ ಶರ್ಟಿನೊಳಗೆ ಇಟ್ಟುಕೊಂಡು ಬಂದರು. ಬಸ್ಸಿನಲ್ಲಿದ್ದ ಒಬ್ಬರೂ ತಡವಾಯಿತು ಅನ್ನಲಿಲ್ಲವಂತೆ.

1. ಹಾಲಿನ ಪರೀಕ್ಷೆ

"ನಮ್ಮನೇಲಿ ಪಿಲ್ಲಿ ಬೇಡ" ಎಂದು ಅತ್ತೆ ಬಾಗಿಲಲ್ಲೇ ತಡೆದರು. ಅತ್ತೆಯದು ಮುಳಬಾಗಿಲ ಗಡಿಯ ಕಡೆ ತವರು. ಬಾಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಬೇಡ ಅಂದವರೇ ಐದು ನಿಮಿಷದಲ್ಲಿ ಒಂದು ಬಟ್ಟಲು ಹಸುವಿನ ಹಾಲು ತಂದಿಟ್ಟರು. ಮರಿ ಬಟ್ಟಲೊಳಗೆ ಕಾಲಿಟ್ಟುಕೊಂಡೇ ಕುಡಿಯಿತು. ನಾವು ಮೂವರೂ ಸುತ್ತ ಕೂತು, ಏನೋ ಪುಣ್ಯದ ಕೆಲಸ ಮಾಡಿದ ಹಾಗೆ ನೋಡಿದೆವು.

ಮಂಗಳವಾರ ಬೆಳಗಾಗುವ ಹೊತ್ತಿಗೆ ಮರಿಗೆ ನೀರು ನೀರಾಗಿ ಭೇದಿ. ಬಾಲವೆಲ್ಲ ಹಳದಿ. ಊರಿನ ಮಕ್ಕಳಿಗೆಲ್ಲ ಭೇದಿಗೆ ಏನು ಮಾಡಬೇಕೆಂದು ದಿನಾ ಹೇಳುವವಳು ನಾನು. ನನ್ನ ಮನೆಯ ಮೂಲೆಯಲ್ಲಿದ್ದ ಮುಷ್ಟಿಯಷ್ಟು ಪ್ರಾಣಿಗೆ ಏನು ಮಾಡಬೇಕೆಂದು ಗೊತ್ತಾಗದೆ ನಿಂತೆ.

ಡೈರಿಯ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರ ಹತ್ತಿರ ನನ್ನ ಸಂಕಟ ಹೇಳಿಕೊಂಡೆ. "ಹಸುವಿನ ಹಾಲು ಕುಡಿದು ಹೀಗಾಯ್ತು ಕಣಮ್ಮ" ಎಂದೆ. ಒಳಗೆ ಹಾಲು ಅಳೆಯುತ್ತಿದ್ದ ಡೈರಿ ಸೆಕ್ರೆಟರಿಯ ಕೈ ನಿಂತಿತು.

ಸಂಜೆ ಅತ್ತೆ ಡೈರಿಯಿಂದ ಹಾಲು ತಂದಿಟ್ಟ ಸ್ವಲ್ಪ ಹೊತ್ತಿಗೆ ಸೆಕ್ರೆಟರಿ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಲ್ಯಾಕ್ಟೋಮೀಟರು, ಗಾಜಿನ ಕೊಳವೆ. ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಇನ್ನೂ ಕಾಯಿಸದ ಹಾಲನ್ನು ಕೊಳವೆಗೆ ಹಾಕಿ, ಕಣ್ಣಿನ ನೇರಕ್ಕೆ ಎತ್ತಿ ಹಿಡಿದು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಮೂಲೆಯ ಬುಟ್ಟಿಯ ಹತ್ತಿರ ಹೋಗಿ ಮರಿಯನ್ನೂ ನೋಡಿದರು. ಬಂದು ನನ್ನ ಮುಂದೆ ನಿಂತು, ಬಹಳ ನೋವಿನಿಂದಲೇ ಹೇಳಿದರು:

"ಹಾಲು ಪಾಸಾಗೈತೆ ಸಿಸ್ಟರಮ್ಮ. ಬೆಕ್ಕು ಫೇಲು."

2. ಎಷ್ಟನೇ ಸೂಲು?

ಬುಧವಾರ ಪಶು ಆಸ್ಪತ್ರೆಗೆ ಹೋದೆ. ನನ್ನ ಮುಂದೆ ಮೂರು ಸೀಮೆ ಹಸು, ಒಂದು ಎಮ್ಮೆ, ಎರಡು ಕುರಿ. ಅವುಗಳ ನಡುವೆ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತೆ. ಎಮ್ಮೆಯವನು ಬುಟ್ಟಿಯೊಳಗೆ ಇಣುಕಿ, ತನ್ನ ಎಮ್ಮೆಯನ್ನು ಒಂದು ಹೆಜ್ಜೆ ಆಚೆ ಎಳೆದುಕೊಂಡ, ತುಳಿದುಬಿಟ್ಟೀತು ಅಂತ.

ಚೀಟಿ ಬರೆಯುವವರು ತಲೆ ಎತ್ತದೆ ಕೇಳಿದರು. "ಜಾತಿ?"

"ನಾಟಿ" ಎಂದೆ.

"ಕಿವಿ ಓಲೆ ನಂಬರು?"

"ಓಲೆ ಹಾಕಿಲ್ಲ."

"ಎಷ್ಟನೇ ಸೂಲು?"

"ಸರ್, ಬೆಕ್ಕಿನ ಮರಿ. ಐದು ವಾರ ಆಗಿರಬಹುದು."

ಆಗ ತಲೆ ಎತ್ತಿದರು. ಬುಟ್ಟಿ ನೋಡಿದರು. ಪಾಪ, ಬೇಸರ ಮಾಡಿಕೊಳ್ಳಲಿಲ್ಲ. ರಿಜಿಸ್ಟರಿನಲ್ಲಿ 'ದಿನಕ್ಕೆ ಎಷ್ಟು ಲೀಟರು' ಅನ್ನುವ ಕಾಲಮ್ಮಿನ ಮುಂದೆ ಸ್ವಲ್ಪ ಯೋಚಿಸಿ, "ಸದ್ಯಕ್ಕೆ ಇಲ್ಲ" ಎಂದು ಬರೆದುಕೊಂಡರು.

ಡಾಕ್ಟರು ಚಿಕ್ಕ ವಯಸ್ಸಿನವರು, ನಿಧಾನದವರು. ಮರಿಯ ಕತ್ತಿನ ಚರ್ಮ ಹಿಡಿದೆಳೆದು ಬಿಟ್ಟರು. ಅದು ವಾಪಸು ಕೂರಲು ತಡ ಮಾಡಿತು. ಅದರ ಅರ್ಥ ನನಗೂ ಗೊತ್ತಿತ್ತು. ಮೈಯಲ್ಲಿ ನೀರು ಆರಿಹೋಗಿದೆ. "ಹಸುವಿನ ಹಾಲು ಇವಕ್ಕೆ ಒಗ್ಗೋದಿಲ್ಲಮ್ಮ, ಇವತ್ತಿಂದ ನಿಲ್ಲಿಸಿ. ಜಂತುಹುಳ ಕೂಡ ಇರಬಹುದು. ಔಷಧಿ ತೂಕ ನೋಡಿ ಕೊಡಬೇಕು. ಒಂದು ಹನಿ ಹೆಚ್ಚಾದರೂ ತಡೆಯೋದಿಲ್ಲ" ಎಂದರು.

ಅಲ್ಲಿದ್ದ ತಕ್ಕಡಿ ಹಿಂಡಿ ಮೂಟೆ ತೂಗುವಂಥದು. ಮರಿಯನ್ನು ಇಟ್ಟರೆ ಮುಳ್ಳು ಅಲ್ಲಾಡಲಿಲ್ಲ. ಕೊನೆಗೆ ಡಾಕ್ಟರು, ನಾನು, ಚೀಟಿ ಬರೆಯುವವರು ಮೂವರೂ ಬುಟ್ಟಿ ಹಿಡಿದುಕೊಂಡು ಎದುರಿನ ತರಕಾರಿ ಅಂಗಡಿಗೆ ನಡೆದೆವು. ಅಂಗಡಿಯಮ್ಮ ಕರೆಂಟಿನ ತಕ್ಕಡಿಯ ಮೇಲೆ ಪೇಪರು ಹಾಸಿ ಕೊಟ್ಟಳು. ಮರಿ ಅದರ ಮೇಲೆ ಸುಮ್ಮನೆ ಮಲಗಿತು. ಒದ್ದಾಡುವಷ್ಟು ಶಕ್ತಿಯೂ ಇರಲಿಲ್ಲ. ನಾನೂರ ಮೂವತ್ತು ಗ್ರಾಂ. ಡಾಕ್ಟರು ಅಂಗೈ ಮೇಲೆ ಬರೆದುಕೊಂಡರು. ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿದ ಅಂಗಡಿಯಮ್ಮನಿಗೆ ಸಮಾಧಾನ ಹೇಳುವುದು ಹೇಗೆಂದು ತಿಳಿಯಲಿಲ್ಲವೋ, ಕೈಯ ಅಭ್ಯಾಸವೋ, ಮೆಲ್ಲಗೆ ಕೇಳಿದಳು:

"ಒಂದು ಟೊಮೆಟೊ ಇಡ್ಲಾ ಅಕ್ಕ? ಅರ್ಧ ಕೆಜಿ ಆಗತ್ತೆ."

3. ಬಸ್ಸಿನವರು

ಗುರುವಾರ ರಜೆ ಹಾಕಿದೆ. ಬೆಳಿಗ್ಗೆ ಎದ್ದಾಗಿನಿಂದ ಮರಿ ಕತ್ತು ಎತ್ತಿರಲಿಲ್ಲ. ಒಸಡು ಬೆಳ್ಳಗಾಗಿತ್ತು. ಬಾಟಲಿಗೆ ಬಿಸಿನೀರು ತುಂಬಿ, ಹಳೇ ಸೀರೆ ಸುತ್ತಿ ಮಗ್ಗುಲಿಗೆ ಇಟ್ಟೆ. ಸೂಜಿ ತೆಗೆದ ಸಿರಿಂಜಿನಲ್ಲಿ ಒಂದೊಂದೇ ಹನಿ ಓಆರ್‌ಎಸ್ ನೀರು. ಮಗುವಿನ ಹಾಗೆ ಅಂಗಾತ ಹಿಡಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ, ಹೊಟ್ಟೆ ಕೆಳಗೆ ಮಾಡಿ ಕೂರಿಸಿಯೇ ಕೊಡಿ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ನನ್ನ ಕೈಗೆ ಮಾತ್ರ ಇಪ್ಪತ್ತು ವರ್ಷದ ರೂಢಿ. ತಾನಾಗೇ ಅಂಗಾತ ತಿರುಗಿಸಲು ಹೋಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಕೈಯಲ್ಲೇ ಒಂದು ಕೂಸು ಹೀಗೆ ಆರಿಹೋಗಿತ್ತು. ಅದರ ಭಾರ ಅವತ್ತು ಮತ್ತೆ ಅಂಗೈಗೆ ಬಂದ ಹಾಗಾಯಿತು.

ಯಜಮಾನರು ಬಸ್ಸು ನಿಂತ ಕಡೆಯಿಂದೆಲ್ಲ ಫೋನು ಮಾಡಿದರು. ಕೋಲಾರದಿಂದ ಒಂದು, ಶ್ರೀನಿವಾಸಪುರದಿಂದ ಒಂದು, ಮತ್ತೆ ಕೋಲಾರದಿಂದ. ಮೊದಲೇ ಮಾತು ಕಮ್ಮಿ.

"ಇದ್ಯಾ?"

"ಇದೆ."

ಅಷ್ಟೇ. ಫೋನು ಇಡುತ್ತಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಮರಿ ನನ್ನ ಮಡಿಲಲ್ಲೇ ಉಚ್ಚೆ ಹೊಯ್ದುಬಿಟ್ಟಿತು. ನರ್ಸಿಗೆ ಅದಕ್ಕಿಂತ ಒಳ್ಳೆ ಸುದ್ದಿ ಬೇಕಾ? ಒಳಗಿನ ಯಂತ್ರ ಇನ್ನೂ ನಡೆಯುತ್ತಿದೆ ಅಂತ ಅರ್ಥ. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. "ಸೀರೆ ಹಾಳಾಯ್ತು ಅಂತ ಇಷ್ಟು ಅಳ್ತಾರೇನೇ?" ಎಂದು ಅತ್ತೆ ತಾವೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಶುಕ್ರವಾರ ಸಂಜೆ ಆರು ಗಂಟೆಗೆ ಯಜಮಾನರ ಬಸ್ಸು ನಮ್ಮ ಮನೆ ಎದುರಿನ ಸ್ಟಾಪಿಗೆ ಬಂದು ನಿಂತಿತು. ನಾನು ಅಂಗಳದಲ್ಲಿದ್ದೆ. ನೋಡಿದರೆ ಪ್ರತಿ ಕಿಟಕಿಯಲ್ಲೂ ಒಂದೊಂದು ತಲೆ. ಎರಡು ದಿನದ ಫೋನನ್ನು ಇಡೀ ಬಸ್ಸು ಕೇಳಿಸಿಕೊಂಡಿದೆ ಎಂದು ನನಗೆ ಆಗಲೇ ಗೊತ್ತಾದದ್ದು. ಹೂವಿನ ಬುಟ್ಟಿಯ ಅಜ್ಜಿಯೊಬ್ಬರು ಮುಂದಿನ ಕಿಟಕಿಯಿಂದ ಕೂಗಿದರು. "ಸಿಸ್ಟರಮ್ಮಾ, ಮರಿ ಹೆಂಗೈತೆ?"

ಸಂಕೋಚ ಅಡ್ಡ ಬಂತು. ಆದರೂ ಅವರ ಮುಖ ನೋಡಿ ತಡೆಯಲಾಗಲಿಲ್ಲ. "ಗಟ್ಟಿಯಾಯ್ತು ಅಜ್ಜೀ!" ಎಂದೆ.

"ಏನಂತೆ? ಏನಂತೆ?" ಎಂದು ಹಿಂದಿನ ಸೀಟಿನವರು ಎದ್ದು ನಿಂತರು.

ಕಂಡಕ್ಟರು ಬಾಗಿಲಲ್ಲೇ ತಿರುಗಿ, ಊರಿನ ಹೆಸರು ಕೂಗುವ ಅದೇ ಗಂಟಲಲ್ಲಿ ಕೂಗಿದ:

"ಕಕ್ಕ ಗಟ್ಟಿಯಾಯ್ತಂತೆ! ರೈಟ್, ರೈಟ್!"

4. ಶನಿವಾರದ ಔಷಧಿ

ಭೇದಿ ಹಿಡಿತಕ್ಕೆ ಬಂದ ಮೇಲೆ ಉಪ್ಪು ಖಾರ ಇಲ್ಲದೆ ಕೋಳಿ ಬೇಯಿಸಿ, ನುಣ್ಣಗೆ ಅರೆದು, ಚಿಟಿಕೆಯಷ್ಟು ಕೊಡಿ ಎಂದು ಡಾಕ್ಟರು ಹೇಳಿದ್ದರು. ಹಿಡಿತಕ್ಕೆ ಬಂದದ್ದು ಶುಕ್ರವಾರ ಸಂಜೆ. ಮಾರನೇ ದಿನ ಶ್ರಾವಣ ಶನಿವಾರ. ಆ ದಿನ ನಮ್ಮ ಅತ್ತೆ ಮೊಟ್ಟೆ ಎನ್ನುವ ಮಾತನ್ನೂ ಆಡುವವರಲ್ಲ. ಭಾನುವಾರದವರೆಗೆ ಗಂಜಿ ನೀರಲ್ಲೇ ತಳ್ಳೋಣ ಎಂದುಕೊಂಡು ನಾನು ಡ್ಯೂಟಿಗೆ ಹೋದೆ.

ಮಧ್ಯಾಹ್ನ ಬಂದು ನೋಡುತ್ತೇನೆ, ಹಿತ್ತಲಲ್ಲಿ ಮೂರು ಕಲ್ಲಿನ ಒಲೆ. ಮೇಲೆ ಹಳೇ ಸಿಲವಾರ ಪಾತ್ರೆ. ಅತ್ತೆ ಹಣೆಗೆ ನಾಮ ಇಟ್ಟುಕೊಂಡು, ಮೂಗಿಗೆ ಸೆರಗು ಕಟ್ಟಿಕೊಂಡು, ಪಾತ್ರೆಯ ಕಡೆ ನೋಡದೆ ಮುಖ ತಿರುಗಿಸಿ ಸೌಟು ಆಡಿಸುತ್ತಿದ್ದಾರೆ.

"ಅತ್ತೆ, ಇವತ್ತು ಶನಿವಾರ!"

"ನಂಗೊತ್ತಿಲ್ವೇನೇ? ದೇವರಿಗೆ ಹೇಳ್ಕೊಂಡಿದೀನಿ. ಮೂರು ದಿನದಿಂದ ಉಪವಾಸ ಇರೋದು ಅದು, ನಾನಲ್ಲ" ಎಂದರು. ಅರವತ್ತೆಂಟು ವರ್ಷದಲ್ಲಿ ಮುರಿಯದ ನೇಮವನ್ನು ಒಂದು ಬಾಯಿಗಾಗಿ ಮುರಿದ ಆ ಕೈಯ ಪಕ್ಕ ಕೂತು ಒಲೆಗೆ ಸೌದೆ ತಳ್ಳಿದೆ.

ಅಷ್ಟರಲ್ಲಿ ಗೋಡೆಯ ಆಚೆಯಿಂದ ಪಕ್ಕದ ಮನೆಯಾಕೆ ತಲೆ ಎತ್ತಿದಳು. "ಏನ್ ದೊಡ್ಡಮ್ಮ, ಶ್ರಾವಣ ಶನಿವಾರ ಕೋಳಿ ವಾಸನೆ?"

ಅತ್ತೆ ತಿರುಗಿ ಕೂಡ ನೋಡಲಿಲ್ಲ. "ಕೋಳಿ ಅಲ್ಲ, ಔಷಧಿ. ಡಾಕ್ಟರು ಬರ್ಕೊಟ್ಟಿರೋದು."

ಆಕೆ ಸ್ವಲ್ಪ ಹೊತ್ತು ವಾಸನೆ ತೆಗೆದುಕೊಳ್ಳುತ್ತಾ ನಿಂತಳು. ಆಮೇಲೆ ಗೋಡೆಗೆ ಹತ್ತಿರ ಬಂದು ದನಿ ತಗ್ಗಿಸಿ ನನ್ನನ್ನು ಕೇಳಿದಳು:

"ಸಿಸ್ಟರಮ್ಮ, ನಮ್ಮೆಜಮಾನ್ರಿಗೂ ಹೊಟ್ಟೆ ಸರಿ ಇಲ್ಲ. ಅದೇ ಡಾಕ್ಟರತ್ರ ಕರ್ಕೊಂಡು ಹೋಗ್ಲಾ?"

5. ಒಂದು ಗುಡಿಸು

ತೆಲುಗಿನಲ್ಲಿ ಪಿಲ್ಲಿ ಎಂದರೆ ಬೆಕ್ಕು. ಪಿಲ್ಲ ಎಂದರೆ ಮಗು. ನಡುವೆ ಇರುವುದು ಒಂದು ಗುಡಿಸು, ಅಷ್ಟೇ.

ಆ ಗುರುವಾರ, ನಾನು ಅಳುತ್ತಾ ಕೂತಿದ್ದಾಗ, ಅತ್ತೆ ಮುಳಬಾಗಿಲಿನಲ್ಲಿರುವ ಮಗಳಿಗೆ, ಅಂದರೆ ನನ್ನ ನಾದಿನಿಗೆ, ಫೋನು ಮಾಡಿ "ಮನ ಇಂಟ್ಲೋ ಪಿಲ್ಲಿಕಿ ಬಾಗಲೇದಮ್ಮಾ" ಎಂದು ತೆಲುಗಿನಲ್ಲೇ ಹೇಳಿದ್ದಾರೆ, ನಮ್ಮನೆಯ ಬೆಕ್ಕಿಗೆ ಹುಷಾರಿಲ್ಲ ಅಂತ. ಸಿಗ್ನಲ್ಲು ಸರಿ ಇರಲಿಲ್ಲ. ಗುಡಿಸು ದಾರಿಯಲ್ಲೇ ಬಿದ್ದುಹೋಗಿದೆ. ಅಲ್ಲಿಗೆ ತಲುಪಿದ್ದು "ನಮ್ಮನೆಯ ಮಗುವಿಗೆ ಹುಷಾರಿಲ್ಲ" ಅಂತ. ಹಿಂದೆ ನಾನು ಅಳುವುದೂ ಕೇಳಿಸಿದೆ. ಅಷ್ಟಕ್ಕೆ ಫೋನು ಕಟ್ಟಾಗಿದೆ. ಇಂಥದ್ದನ್ನು ಫೋನಿನಲ್ಲಿ ಕೇಳಬಾರದು ಎಂದು ಅವಳು ಗಂಡನ ಭಾನುವಾರದ ರಜೆಗೆ ಕಾದಿದ್ದಾಳೆ.

ನಮಗೆ ಮದುವೆಯಾಗಿ ಹದಿನೇಳು ವರ್ಷ. ಮಕ್ಕಳಿಲ್ಲ. ಊರಿನವರು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ನಾವೂ ಆ ಮಾತು ಎತ್ತುವುದಿಲ್ಲ. ಬಿಡದೆ ಹರಕೆ ಹೊತ್ತುಕೊಂಡು ಬಂದವಳು ಈ ನಾದಿನಿ ಒಬ್ಬಳೇ.

ಭಾನುವಾರ ಯಜಮಾನರಿಗೂ ವಾರದ ರಜೆ. ಹನ್ನೊಂದು ಗಂಟೆಗೆ ಮನೆ ಮುಂದೆ ಆಟೋ ನಿಂತಿತು. ನಾದಿನಿ ಇಳಿದಳು. ಹಿಂದೆ ಅವಳ ಗಂಡ. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ನಕ್ಕದ್ದನ್ನು ಯಾರೂ ನೋಡಿಲ್ಲ. ನಾದಿನಿಯ ಕೈಯಲ್ಲಿ ಕುರುಡುಮಲೆ ಗಣಪನಿಗೆ ಅವತ್ತೇ ಬೆಳಿಗ್ಗೆ ಪೂಜೆ ಮಾಡಿಸಿ ತಂದ ಪ್ರಸಾದ. ಬಂದವಳೇ ನನ್ನನ್ನು ತಬ್ಬಿಕೊಂಡು ಬಿಕ್ಕಿದಳು.

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ಅತ್ತಿಗೆ? ದತ್ತು ತಗೊಂಡ್ರೆ ನಾವು ಬೇಡ ಅಂತಿದ್ವಾ? ಯಾರ ಮಗು ಆದ್ರೇನು, ಮನೆ ತುಂಬಿತಲ್ಲ!"

ನನಗೆ ಏನೂ ಅರ್ಥವಾಗಲಿಲ್ಲ. ಅವಳು ಬ್ಯಾಗಿನಿಂದ ಪೇಪರಿನಲ್ಲಿ ಸುತ್ತಿದ ಒಂದು ಉಣ್ಣೆಯ ಕುಲಾವಿ ತೆಗೆದಳು. ಹಳದಿ ಬಣ್ಣ, ಅಂಚಿಗೆ ಬಿಳಿ. "ನಿಮ್ಮ ಮದುವೆ ಆದ ವರ್ಷ ಹೆಣೆದಿಟ್ಟಿದ್ದು. ನುಸಿ ಗುಳಿಗೆ ಹಾಕಿ ಹಾಕಿ ಇಟ್ಕೊಂಡಿದ್ದೆ" ಎಂದಳು.

ಆಗ ಅರ್ಥವಾಯಿತು. ಅರ್ಥವಾದ ಮೇಲೆ ಕುಲಾವಿಯ ಬಿಳಿ ಅಂಚನ್ನು ಬೆರಳಲ್ಲಿ ಸವರುತ್ತಾ ನಿಂತೆ.

ಇದೊಂದೂ ತಿಳಿಯದ ಅತ್ತೆ, ಮಗಳು ನೋಡಲು ಬಂದ ಸಂಭ್ರಮಕ್ಕೆ, ಒಳಗಿನಿಂದ ಬುಟ್ಟಿಯನ್ನೇ ಎತ್ತಿಕೊಂಡು ಬಂದು ನಡುಮನೆಯಲ್ಲಿಟ್ಟು ಬಟ್ಟೆ ಸರಿಸಿದರು. ಮರಿ ಎಲ್ಲರನ್ನೂ ಒಂದು ಸಲ ನೋಡಿ ಬಾಯಿ ತುಂಬ ಆಕಳಿಸಿತು.

ನಾದಿನಿಯ ಕೈಯಲ್ಲಿ ಕುಲಾವಿ ಹಾಗೇ ಇತ್ತು. ಯಜಮಾನರು ನೆಲ ನೋಡುತ್ತಾ ನಿಂತರು. "ನಾನು ಪಿಲ್ಲಿ ಅಂದ್ನಲ್ಲೇ" ಎಂದು ಅತ್ತೆ ತಡವರಿಸಿದರು. ನನಗೆ ಹದಿನೇಳು ವರ್ಷದ ಅಳು ಒಟ್ಟಿಗೆ ಒತ್ತರಿಸಿ ಬಂದಿತ್ತು. ಇನ್ನೊಂದು ಕ್ಷಣ ಕಳೆದಿದ್ದರೆ ಮನೆಯವರೆಲ್ಲ ಗೋಳೋ ಎನ್ನುತ್ತಿದ್ದೆವು.

ಆಗ ಮೇಷ್ಟ್ರು ಮುಂದೆ ಬಂದರು. ಕನ್ನಡಕ ಸರಿ ಮಾಡಿಕೊಂಡು ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಉತ್ತರ ಪತ್ರಿಕೆ ತಿದ್ದುವ ಹಾಗೆ ಮರಿಯ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು. ತಲೆ ಎತ್ತಿ ನಮ್ಮ ಯಜಮಾನರ ಮುಖ ನೋಡಿದರು. ಮತ್ತೆ ಮರಿಯನ್ನು ನೋಡಿದರು. ಹೆಂಡತಿಯ ಕೈಯಿಂದ ಕುಲಾವಿ ತೆಗೆದುಕೊಂಡು, ಮರಿಯ ಮೇಲೆ ಮೆತ್ತಗೆ ಹೊದಿಸಿ, ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ ಹೇಳಿದರು:

"ಎಲ್ಲಾ ಬಾವನ ಹೋಲಿಕೆನೇ ಕಣೇ. ಮೀಸೆ ಆಗ್ಲೇ ಬಂದ್ಬಿಟ್ಟಿದೆ."