ದೊಡ್ಡವ್ವನ ಗೃಹಬಂಧನ

ನಮ್ಮ ಹರಿಹರದ ದೊಡ್ಡವ್ವನಿಗೆ ಸ್ವಂತ ಮನೆಯಿತ್ತು. ಆದರೆ ಆ ಮನೆಗೆ ದೊಡ್ಡವ್ವ ಇರಲಿಲ್ಲ! ಸುಳ್ಳೆನಿಸಿದರೆ ಆ ಕಾಲದ ಅಂಚೆಯವನನ್ನು ಕೇಳಬೇಕಿತ್ತು. ಅವಳ ಹೆಸರಿಗೆ ಕಾಗದ ಬಂದರೆ ಅವನು ಅವಳ ಮನೆಯ ಕಡೆ ತಲೆ ಹಾಕುತ್ತಲೇ ಇರಲಿಲ್ಲ. ದೇವಸ್ಥಾನದ ಬೀದಿಯ ಮೊದಲ ಮನೆಯಿಂದ ಶುರುಮಾಡಿ "ಅವ್ವಾರು ಇಲ್ಲಿ ಅದಾರೇನ್ರಿ?" ಎಂದು ಕೇಳುತ್ತ ಹೋಗುತ್ತಿದ್ದ. ನಾಲ್ಕನೆಯದೋ ಐದನೆಯದೋ ಮನೆಯಲ್ಲಿ ದೊಡ್ಡವ್ವ ಯಾರದೋ ಮೊರದಲ್ಲಿ ಯಾರದೋ ಅಕ್ಕಿ ಆರಿಸುತ್ತ ಸಿಕ್ಕುತ್ತಿದ್ದಳು.

ಅವಳು ನಮ್ಮ ಅತ್ತೆಯವರ ಅಕ್ಕ. ನನ್ನ ಗಂಡ ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹಿರಿಯಳನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಸಿಟ್ಟಾಗಬೇಡಿ. ಮದುವೆಯಾದ ಹೊಸತರಲ್ಲಿ ನಾನು "ಬರ್ರಿ ದೊಡ್ಡವ್ವ" ಎಂದರೆ, ಹಿಂದೆ ಇನ್ಯಾರು ಬಂದಿದ್ದಾರೋ ಎಂದು ತಿರುಗಿ ನೋಡುತ್ತಿದ್ದಳು! ಗಂಡ ಬೇಗ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಹರಿಹರ ಸಾಲದಾದಾಗ ರೈಲು ಹತ್ತಿ ದಾವಣಗೆರೆಗೆ ಬರುತ್ತಿದ್ದಳು. ಬಾಗಿಲಲ್ಲೇ "ಕೂಡಂಗಿಲ್ಲ, ಕೂಡಂಗಿಲ್ಲ, ಬಾಳ ಕೆಲ್ಸ ಐತೆ" ಎಂದು ಸಾರಿ, ನಿಂತೇ ಚಹಾ ಕುಡಿದು, ನಿಂತೇ ಮೂರು ಮನೆಯ ಸುದ್ದಿ ಹೇಳಿ ಹೊರಟುಬಿಡುತ್ತಿದ್ದಳು. "ನಿಮ್ಮಕ್ಕ ಬಂದದ್ದನ್ನು ನೋಡಿದ್ದೇನೆ, ಹೋದದ್ದನ್ನು ನೋಡಿದ್ದೇನೆ, ಇದ್ದದ್ದನ್ನು ಮಾತ್ರ ನೋಡಿಲ್ಲ" ಎಂದು ನಮ್ಮ ಮಾವ ಅತ್ತೆಯವರನ್ನು ಛೇಡಿಸುತ್ತಿದ್ದರು. ಮಾವ ನಿವೃತ್ತ ಮೇಷ್ಟ್ರು. ವಾಕ್ಯವನ್ನು ಅಳೆದು ತೂಗಿ ಆಡುವವರು.

ಇಂಥ ದೊಡ್ಡವ್ವನನ್ನು ನಾಲ್ಕು ವಾರ ಒಂದೇ ಮನೆಯಲ್ಲಿ ಕೂಡಿಹಾಕಿದರೆ ಏನಾದೀತು? ನಾನು ಹೇಳಬಲ್ಲೆ. ಅದಕ್ಕೆ ಕಾರಣ ನಾನೇ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಮದುವೆಯಾಗಿ ದಾವಣಗೆರೆಗೆ ಬಂದು ಐದು ತಿಂಗಳಾಗಿತ್ತು. ಮೂರು ದಿನ ಜ್ವರ ಸುಟ್ಟಿತು. ನಾಲ್ಕನೆಯ ದಿನ ಹಣೆಯ ಮೇಲೆ, ಕೈ ಮೇಲೆ ಗುಳ್ಳೆ. ಅತ್ತೆ ಒಮ್ಮೆ ನೋಡಿ, ಏನೂ ಹೇಳದೆ ಹೋಗಿ, ಬಾಗಿಲಿಗೆ ಬೇವಿನಸೊಪ್ಪು ಕಟ್ಟಿದರು. ಸಿಡುಬು! ಆ ಹೆಸರನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮನೆಗೆ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಹತ್ತು ಗಂಟೆಗೆ ಆರೋಗ್ಯ ಇನ್‌ಸ್ಪೆಕ್ಟರ್ ಬಂದು ಎಲ್ಲರ ತೋಳಿಗೂ ದೇವಿ ಹಾಕಿ, ಅಂದರೆ ಲಸಿಕೆ ಚುಚ್ಚಿ, "ನಾನು ಹೇಳೋ ತನಕ ಒಬ್ರೂ ಹೊರಗೆ ಹೋಗಂಗಿಲ್ಲ, ಒಬ್ರೂ ಒಳಗೆ ಬರಂಗಿಲ್ಲ" ಎಂದು ಅಪ್ಪಣೆ ಕೊಟ್ಟರು.

ಆ ಹೊತ್ತಿಗೆ ಸರಿಯಾಗಿ ನಮ್ಮ ನಡುಮನೆಯಲ್ಲಿ ನಿಂತು ಚಹಾ ಕುಡಿಯುತ್ತಿದ್ದವಳು ಯಾರು? ದೊಡ್ಡವ್ವ! ನುಗ್ಗೆಕಾಯಿ ಕೊಟ್ಟು ಹೋಗಲು ಬಂದಿದ್ದಳು. ಇನ್‌ಸ್ಪೆಕ್ಟರ ಬೆನ್ನಿಗೇ ಕಟ್ಟೆಯ ತನಕ ಹೋಗಿ, ಅದೇನೋ ಗುಸುಗುಸು ವಾದ ಮಾಡಿ, ಹಣೆ ಚಚ್ಚಿಕೊಳ್ಳುತ್ತ ಒಳಗೆ ಬಂದಳು. "ನನ್ನೂ ಕೂಡಿ ಹಾಕಿದ್ನಲ್ಲೇ ತಂಗೀ! ಕಳ್ಳರನ್ನ ಹಾಕಿದಂಗೆ ಹಾಕಿದ್ನಲ್ಲೇ!"

ಅಂದಿನಿಂದ ಇನ್‌ಸ್ಪೆಕ್ಟರಿಗೆ ಶಾಪ ಹಾಕುವುದು ಅವಳ ಬೆಳಗಿನ ನೇಮವಾಯಿತು. ಅವರು ದಿನವೂ ಓಣಿಗೆ ಬಂದು ದೂರದಿಂದಲೇ ವಿಚಾರಿಸಿ ಹೋಗುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಇವಳು ಕಿಟಕಿಗೆ ಬಂದು ಅವರ ಟೋಪಿಯಿಂದ ಸೈಕಲ್ಲಿನ ತನಕ ಎಲ್ಲವನ್ನೂ ಬೈಯುತ್ತಿದ್ದಳು.

ನನ್ನ ಆರೈಕೆ ಅವಳ ಪಾಲಿಗೆ ಬಂತು. ಹನ್ನೊಂದನೆಯ ವಯಸ್ಸಿನಲ್ಲೇ ಅವಳಿಗೆ ಈ ಬೇನೆ ಬಂದುಹೋಗಿ ಮುಖದ ತುಂಬ ಕಲೆ ಉಳಿದಿತ್ತು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ತಾನೆ? ನಡುಮನೆಯ ಪಕ್ಕದ ಕೋಣೆಯಲ್ಲಿ ನನ್ನನ್ನು ಮಲಗಿಸಿ, ಬಾಗಿಲಿಗೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟರು. ಎರಡನೆಯ ವಾರ ರೆಪ್ಪೆ ಊದಿ ಕಣ್ಣು ಮುಚ್ಚಿಯೇ ಹೋದವು. ಆದ್ದರಿಂದ ಇನ್ನು ನಾನು ಹೇಳುವುದರಲ್ಲಿ ಬಹುಪಾಲು ಕಿವಿಯಿಂದ ಕಂಡದ್ದು.

ಕೂಡಿಹಾಕಿದ ಮೂರನೆಯ ದಿನ ಬೆಳಿಗ್ಗೆ ದೊಡ್ಡವ್ವನ ದನಿ ಕೇಳಿಸಿತು. "ತಂಗೀ, ನಾನು ಹರಿಹರಕ್ಕೆ ಹೋಗ್ಬರ್ತೀನಿ." ಮನೆಯೆಲ್ಲ ಗಾಬರಿ! ಅವಳು ಹಿತ್ತಲಿಗೆ ಹೋಗಿ, ಬಾವಿ ಸುತ್ತು ಹಾಕಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೂಗಿದಳು: "ಯಾರದೀರವ್ವ ಮನ್ಯಾಗೆ?"

"ಅಕ್ಕಾ, ಈಗರ ಇಲ್ಲಿಂದ ಹೋದ್ಯಲ್ಲ!" ಎಂದರು ಅತ್ತೆ.

"ಅದು ದಾವಣಗೆರಿ. ಇದು ಹರಿಹರ. ಬಂದೋರಿಗೆ ಕೂಡು ಅನ್ನಲ್ಲ, ನೀರು ಕೊಡಲ್ಲ, ಎಂಥಾ ಮನಿಯೇ ಇದು!"

ಹೀಗೆ ಅಡಿಗೆಮನೆ ಹರಿಹರವಾಯಿತು. ಅವಳು ತಿರುಗುತ್ತಿದ್ದ ಹಳ್ಳಿಗಳೂ ಮನೆಯೊಳಗೇ ಬಂದವು: ಮಾವ ಕೂರುತ್ತಿದ್ದ ಪಡಸಾಲೆ ನಂದಿಗುಡಿ. ಅಟ್ಟ ಕೊಕ್ಕನೂರು, ಏಣಿ ಹತ್ತಬೇಕಾದ್ದರಿಂದ ಅಲ್ಲಿಗೆ ಪ್ರಯಾಣ ಅಪರೂಪ. ಮಾವ ಮೊದಲ ದಿನ "ಅತ್ತಿಗೆಯವರೇ, ಇದೇನು ಹುಡುಗಾಟ?" ಎಂದು ಗದರಿದರು. ಎರಡನೆಯ ದಿನ ಗೋಡೆ ನೋಡಿದರು. ಮೂರನೆಯ ದಿನ ಅವಳು ಕೆಮ್ಮಿದ್ದು ಕೇಳಿ ಮಾವನ ಗಂಭೀರ ದನಿ ಹೇಳಿತು: "ಬರ್ರಿ ಬರ್ರಿ, ಕೂಡ್ರಿ. ನಂದಿಗುಡಿ ಕಡೆ ಮಳೆ ಬೆಳೆ ಹೆಂಗೆ ಅಂತ ನೀವು ಕೇಳ್ತೀರೋ, ನಾನೇ ಹೇಳ್ಲೋ?" ಅತ್ತೆ ಅಡಿಗೆಮನೆಯಲ್ಲಿ ನಕ್ಕದ್ದು ನನಗೆ ಕೇಳಿಸಿತು. ಗುಳ್ಳೆಯ ಉರಿಯಲ್ಲಿ ನಗುವುದೂ ಒಂದು ಶಿಕ್ಷೆ, ಆದರೂ ನಕ್ಕೆ.

ಊರೂರು ತಿರುಗಿದ ಮೇಲೆ ದೊಡ್ಡವ್ವ ನನ್ನ ಕೋಣೆಗೆ ಬಂದು ಬೇವಿನ ಎಲೆಯಿಂದ ಮೈ ಸವರುತ್ತ ಸುದ್ದಿ ಒಪ್ಪಿಸುತ್ತಿದ್ದಳು. "ಹರಿಹರದಾಗೆ ಇವತ್ತು ಸಾರಿಗೆ ಉಪ್ಪಿಲ್ಲ. ನಂದಿಗುಡಿ ಮೇಷ್ಟ್ರು ಒಂದೇ ಪುಟ ಎರಡು ತಾಸಿನಿಂದ ಓದಕ್ಕತ್ತಾರೆ. ನಿದ್ದಿ ಮಾಡಕ್ಕತ್ತಾರೋ ಏನೋ, ಕನ್ನಡಕ ಇರೋದ್ರಿಂದ ಗೊತ್ತಾಗಲ್ಲ!"

ಕೊಕ್ಕನೂರಿಗೆ ಹೋದ ದಿನ ಅವಳ ಮೈತುಂಬ ಜೇಡರಬಲೆ. "ಆ ಊರಾಗೆ ಧೂಳು ಬಾಳ" ಎಂದು ದೂರಿದಳು. ಬರಿಗೈಯಲ್ಲಿ ಬರಲಿಲ್ಲ, ಶಾವಿಗೆ ಮಣೆಯೊಂದನ್ನೂ ಹಳೆಯ ಪೇಪರಿನ ಕಟ್ಟೊಂದನ್ನೂ ಇಳಿಸಿದ್ದಳು.

ಶಾವಿಗೆ ಮಣೆ ಸಿಕ್ಕ ಮೇಲೆ ಸುಮ್ಮನಿರಲು ಸಾಧ್ಯವೇ? ಹಿಟ್ಟು ನಾದಿ ಮನೆಮಂದಿಯನ್ನೆಲ್ಲ ಹೊಸೆಯಲು ಕೂರಿಸಿದಳು. ಹತ್ತಿ ಗಿರಣಿಯ ಗುಮಾಸ್ತರಾದ ನನ್ನ ಗಂಡನಿಗೆ ಬರಬೇಡಿ ಎಂದು ಗಿರಣಿಯವರು ಹೇಳಿಕಳಿಸಿದ್ದರಿಂದ ಅವರೂ ಕೂತರು. ಜೀವಮಾನದಲ್ಲಿ ಲೋಟ ಎತ್ತಿಡದ ಮಾವ ಕೂಡ ಕೂತರು! ಅವರು ಹೊಸೆದದ್ದನ್ನು ದೊಡ್ಡವ್ವ ಬೆಳಕಿಗೆ ಹಿಡಿದು ನೋಡಿ ಹೇಳಿದಳು: "ಎಸೆಯೋದು ಬ್ಯಾಡ ಮೇಷ್ಟ್ರೇ. ಬಾವಿ ಹಗ್ಗ ಸವದೈತೆ, ಅದಕ್ಕಾಗ್ತತೆ."

ಪೇಪರಿನ ಕಥೆ ಬೇರೆ. ಪೇಪರಿನವನು ನಮ್ಮ ಓಣಿಗೆ ಬರುವುದನ್ನೇ ಬಿಟ್ಟಿದ್ದ. ಪೇಪರಿಲ್ಲದೆ ಮಾವ ಚಡಪಡಿಸುತ್ತಿದ್ದರು. ದೊಡ್ಡವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆ ಹಳೆಯ ಕಟ್ಟಿನಿಂದ ದಿನಕ್ಕೊಂದು ಎಳೆದು ಮಾವನ ಮುಂದಿಟ್ಟು "ಇವತ್ತಿಂದು ಬಂತು, ಓದ್ರಿ" ಎನ್ನುತ್ತಿದ್ದಳು. ಮಾವ ಗಟ್ಟಿಯಾಗಿ ಓದುತ್ತಿದ್ದರು. ಮೂರು ವರ್ಷದ ಹಿಂದಿನ ಸುದ್ದಿಗೆ ಇಬ್ಬರೂ ಬಿಸಿಬಿಸಿಯಾಗಿ ಜಗಳವಾಡುತ್ತಿದ್ದರು! ಒಂದು ದಿನ "ಸಂಜೆ ಗುಡುಗು ಸಹಿತ ಮಳೆಯ ಸಂಭವ" ಎಂದು ಓದಿದರು. ದೊಡ್ಡವ್ವ ಎದ್ದು ಹೋಗಿ ಹಿತ್ತಲಲ್ಲಿ ಒಣಗಿದ್ದ ಶಾವಿಗೆಯನ್ನೆಲ್ಲ ಒಳಗೆ ತಂದಳು.

"ಅತ್ತಿಗೆಯವರೇ, ಅದು ಮೂರು ವರ್ಷದ ಹಿಂದಿನ ಮಳೆ!"

"ಆಗ ಬಂದಿತ್ತೇನು?"

ಮಾವ ಯೋಚಿಸಿದರು. "ಬಂದ ನೆನಪಿಲ್ಲ."

"ಮತ್ತೆ? ಬಾಕಿ ಐತೆ ಅಂತಾತು."

ಸಂಜೆ ಐದಕ್ಕೆ ಧೋ ಎಂದು ಸುರಿಯಿತು! ಎದುರುಮನೆಯವರ ಸಂಡಿಗೆಯೆಲ್ಲ ನೀರುಪಾಲು. ಪಾಪ, ನಮಗೆ ಹಾಲು ತರಕಾರಿಯನ್ನು ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದವರು ಅವರೇ. ನಮ್ಮ ಶಾವಿಗೆ ಒಂದೆಳೆಯೂ ನೆನೆಯಲಿಲ್ಲ. ಅಂದಿನಿಂದ ಮಾವ ಹಳೆಯ ಪೇಪರನ್ನು ತುಸು ಗೌರವದಿಂದಲೇ ಬಿಡಿಸುತ್ತಿದ್ದರು.

ಇನ್ನು ನನ್ನ ಗಂಡನ ಸಮಾಚಾರ. ಆಗೆಲ್ಲ ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವುದುಂಟೇ? ಅದೂ ಐದು ತಿಂಗಳ ಜೋಡಿ! ಅವರು ಪರದೆಯಾಚೆ ಸುಳಿದಾಡಿ, ಗಂಟಲು ಸರಿಮಾಡಿಕೊಂಡು, "ಹೆಂಗಿದಾಳೆ?" ಎಂದು ಕೇಳುತ್ತಿದ್ದರು. ಅಷ್ಟೇ. ದೊಡ್ಡವ್ವ ಒಳಗೆ ಬಂದು ಅದನ್ನು ಹೇಳುವಾಗ ಆ ಒಂದು ಮಾತು ಹತ್ತಾಗಿರುತ್ತಿತ್ತು: "ಅನ್ನ ಸೇರವಲ್ದಂತೆ ಅವಂಗೆ. ನೀನು ಎದ್ದ ಕೂಡ್ಲೆ ಹೊಳಿ ದಂಡಿಗೆ ಕರ್ಕೊಂಡು ಹೋಗ್ತಾನಂತೆ. ಹಸುರು ಸೀರಿ ನೋಡಿ ಇಟ್ಟಾನಂತೆ." ನಾನು ನಾಚಿ "ಹೂಂ" ಎಂದರೆ, ಆ "ಹೂಂ" ಹೊರಗೆ ಹೋಗುವಷ್ಟರಲ್ಲಿ ಅದಕ್ಕೂ ಕೈಕಾಲು ಮೂಡುತ್ತಿತ್ತು. ಒಂದು ದಿನ ಅವರು ತಡೆಯಲಾರದೆ ಪರದೆಯಾಚೆಯಿಂದಲೇ ಕೂಗಿದರು: "ದೊಡ್ಡವ್ವಾ, ನಾನು ಅಷ್ಟೆಲ್ಲ ಹೇಳೇ ಇಲ್ಲ!"

"ಹೇಳಿಲ್ಲ ಅಂದ್ರೆ ಈಗ ಹೇಳು. ಕೇಳ್ತಾಳೆ."

ಪರದೆಯಾಚೆ ಅವರು ಎರಡು ಸಲ ಗಂಟಲು ಸರಿಮಾಡಿಕೊಂಡರು. ಆಮೇಲೆ ಸಣ್ಣಗೆ, "ಹಸುರು ಅಲ್ಲ, ನೀಲಿ" ಎಂದರು.

ಮೂರನೆಯ ವಾರ ಕಣ್ಣು ಬಿಟ್ಟವು. ಗುಳ್ಳೆ ಒಣಗಿ ಹೆಕ್ಕಳ ಉದುರತೊಡಗಿತು. ನಾನು ಮೊದಲು ಕೇಳಿದ್ದು ಕನ್ನಡಿ. ಅವಳು ಕೊಡಲಿಲ್ಲ. ನಾನು ಬಿಡಲಿಲ್ಲ. ಕೈಯಿಂದ ಕೆನ್ನೆ ಮುಟ್ಟಿ ನೋಡಿದರೆ ಬೆರಳಿಗೇ ಗೊತ್ತಾಗುತ್ತಿತ್ತು. "ನನ್ನ ಯಾರು ನೋಡ್ತಾರೆ ದೊಡ್ಡವ್ವಾ" ಎಂದು ಅತ್ತುಬಿಟ್ಟೆ. ಅವಳು ನನ್ನ ಕೈ ಹಿಡಿದು ತನ್ನ ಕೆನ್ನೆಯ ಮೇಲೆ ಇಟ್ಟುಕೊಂಡಳು.

"ಹೆಂಗೈತೆ?"

ನನ್ನ ಕೆನ್ನೆಯಂಥದ್ದೇ ಕೆನ್ನೆ. ಬೆರಳು ಕುಳಿಯಿಂದ ಕುಳಿಗೆ ಸರಿಯಿತು.

"ಈ ಮಾರಿ ಇಟ್ಕೊಂಡೇ ಹರಿಹರದಿಂದ ದಾವಣಗೆರಿ ತನಕ ತಿರುಗಿನಿ. ಒಂದು ಮನ್ಯಾಗೂ ನನಗೆ ಹೋಗು ಅಂದಿಲ್ಲ. ಕೂಡು ಅಂತಾರೆ, ನಾನೇ ಕೂಡಲ್ಲ!" ಎಂದಳು. ಆಮೇಲೆ ಕನ್ನಡಿ ತಂದುಕೊಟ್ಟು, ನಾನು ನೋಡಿ ಮುಗಿಸುವ ತನಕ ಪಕ್ಕದಲ್ಲೇ ಕೂತಿದ್ದಳು. ಅವಳು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದದ್ದು ಅದೊಂದೇ ಸಲ.

ಮೂರು ಸಲ ಬೇವಿನ ನೀರು ಹಾಕಿದ್ದಾಯಿತು. ಅಮ್ಮನಿಗೆ ಮೊಸರನ್ನದ ಎಡೆ ಇಟ್ಟದ್ದಾಯಿತು. ನಾಲ್ಕು ವಾರ ತುಂಬಿದ ಬೆಳಿಗ್ಗೆ ಇನ್‌ಸ್ಪೆಕ್ಟರು ಓಣಿಯ ತುದಿಯಲ್ಲಿ ಸೈಕಲ್ ಇಳಿಯುವುದನ್ನು ಕಂಡದ್ದೇ ತಡ, ದೊಡ್ಡವ್ವ ಚೀಲ ಎತ್ತಿಕೊಂಡು ಹಿತ್ತಲ ಬಾಗಿಲಿಂದ ಮಾಯ! ಹೋಗುತ್ತೇನೆಂದು ಕೂಡ ಹೇಳಲಿಲ್ಲ.

"ಎಲ್ರಿ ಆ ಅಜ್ಜಿ?" ಎಂದು ಇನ್‌ಸ್ಪೆಕ್ಟರು ಕೇಳಿದರು. ಬೈಗುಳಕ್ಕೆಲ್ಲ ಮಾವ ಕ್ಷಮೆ ಕೇಳಲು ಹೋದರೆ ಅವರು ನಕ್ಕರು. "ಬೈಲಿ ಬಿಡ್ರಿ. ಆದ್ರೆ ಅವರನ್ನ ನಾನು ಕೂಡಿ ಹಾಕ್ಲೇ ಇಲ್ಲ. ಒಂದ್ಸಲ ಬಂದು ಹೋಗೇತೆ, ಮೈ ತೊಳ್ಕೊಂಡು ಬ್ಯಾರೆ ಸೀರಿ ಉಟ್ಕೊಂಡು ಊರಿಗೆ ಹೋಗ್ರಿ ಅಂತ ಮೊದಲ್ನೇ ದಿನಾನೇ ಕಟ್ಟೆ ಮ್ಯಾಲೆ ಹೇಳಿದೆ. 'ಇದನ್ನ ಮನ್ಯಾಗೆ ಯಾರಿಗೂ ಹೇಳ್ಬ್ಯಾಡಪ್ಪ' ಅಂತ ಕೈ ಮುಗಿದ್ರು."

ಅತ್ತೆ ಹೊಸ್ತಿಲ ಮೇಲೆ ಕೂತುಬಿಟ್ಟರು. ಮಾವನಿಗೆ, ನಾನು ಕಂಡಂತೆ ಮೊದಲ ಬಾರಿ, ವಾಕ್ಯ ಸಿಗಲಿಲ್ಲ.

ಹದಿನೈದು ದಿನದ ಮೇಲೆ ನಾನೂ ನನ್ನ ಗಂಡನೂ ಹರಿಹರಕ್ಕೆ ಹೋದೆವು. ಅವರು ದೇವಸ್ಥಾನದಲ್ಲಿ ಕೈಮುಗಿಯುತ್ತಿರುವಾಗ ನಾನು ದೊಡ್ಡವ್ವನನ್ನು ಹುಡುಕಿಕೊಂಡು ಹೊಳೆಗೆ ಇಳಿದೆ. ಅವಳು ಮೆಟ್ಟಿಲ ಮೇಲೆ ಪಕ್ಕದ ಮನೆಯವರ ರಗ್ಗು ಒಗೆಯುತ್ತಿದ್ದಳು. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು ನೇರವಾಗಿ ಕೇಳಿದೆ.

"ಹೋಗಬಹುದಿತ್ತಲ್ಲ ದೊಡ್ಡವ್ವಾ. ಯಾಕ ಇದ್ದೆ?"

ಅವಳು ರಗ್ಗು ತಿರುವಿ ಹಾಕಿದಳು. ನನ್ನ ಕಡೆ ನೋಡಲಿಲ್ಲ.

"ನನಗೆ ಬಂದಾಗ ನಮ್ಮಪ್ಪನ ಮನ್ಯಾಗೆ ಹಿಂದಿನ ಕೊಟ್ಟಿಗ್ಯಾಗೆ ಹಾಕಿದ್ರು. ಹೆದರಿಕಿ ಅವರಿಗೆ, ಪಾಪ, ಸಣ್ಣ ಮಕ್ಕಳಿದ್ರು. ಗಂಜಿ ತಂದು ಬಾಗಿಲ ಹೊರಗೆ ಇಟ್ಟು ಹೋಗರು. ಕಣ್ಣು ಮುಚ್ಚಿದ್ವು. ಗಂಜಿ ತಟ್ಟಿ ಇಟ್ಟ ಸಪ್ಪಳ ಬಿಟ್ರೆ ಒಂದು ದನಿ ಇಲ್ಲ. ಎಲ್ಲಾರೂ ಊರು ಬಿಟ್ಟು ಹೋದ್ರೇನೋ, ನಾನು ಸತ್ತೇ ಹೋಗಿನೇನೋ, ಏನೂ ತಿಳೀತಿರ್ಲಿಲ್ಲ." ಒಂದು ಕ್ಷಣ ಕೈ ನಿಂತಿತು. "ನಿನಗೆ ಮನ್ಯಾಗೆ ಮಂದಿ ಅದಾರೆ ಅಂತ ಕೇಳ್ತಿರ್ಲಿ ಅಂತ. ಮತ್ತೇನಿಲ್ಲ."

ನಾನು ನೀರಿನ ಕಡೆ ಮುಖ ತಿರುಗಿಸಿದೆ. ಹೊಳೆ ಬೇಸಿಗೆಯ ಸಣ್ಣ ನೀರಿನಲ್ಲಿ ಸದ್ದಿಲ್ಲದೆ ಹರಿಯುತ್ತಿತ್ತು. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ, ಎಂದೂ ಇಲ್ಲದ ಸಣ್ಣ ದನಿಯಲ್ಲಿ, "ಏನಾರ ಮಾತಾಡವ್ವ" ಎಂದಳು.

ನಾನು ರಗ್ಗಿನ ಇನ್ನೊಂದು ತುದಿ ಹಿಡಿದು ಹಿಂಡುತ್ತ ಮಾತಾಡತೊಡಗಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ: ರೈಲಿನಲ್ಲಿ ಎದುರು ಕೂತಿದ್ದವರ ಕೋಳಿಯ ಬುಟ್ಟಿ, ನೀಲಿ ಸೀರೆಯ ಅಂಚು, ಅತ್ತೆಯವರ ಹಲ್ಲುನೋವು, ನಮ್ಮ ಹಿತ್ತಲಲ್ಲಿ ಮೊಳೆತ ಹೀರೇಬಳ್ಳಿ. ಸೇತುವೆಯ ಮೇಲೆ ನಮ್ಮ ವಾಪಸಿನ ರೈಲು ದಡದಡ ದಾಟಿಹೋಯಿತು. ನಾನು ನಿಲ್ಲಿಸಲಿಲ್ಲ.