ಪಾದ್ರಿಯ ಹಣೆಗೆ ಕುಂಕುಮ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಪಾದ್ರಿಯದಲ್ಲ, ನನ್ನದು. ಕೇಳಿದ ದನಿಯನ್ನೆಲ್ಲ ಹಾಗೇ ಅಣಕಿಸಿ ತೋರಿಸದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ನನ್ನ ಸ್ವಂತ ದನಿ ಹೇಗಿದೆಯೆಂದು ಕೇಳಿದರೆ ಕೊಂಚ ಯೋಚಿಸಬೇಕಾಗುತ್ತದೆ.

ಅಡಿಲೇಡಿನ ಮಾಡ್ಬರಿ ಬಡಾವಣೆಯಲ್ಲಿ ನನ್ನ ಬಾಡಿಗೆ ಮನೆಯ ಗೋಡೆಗೆ ಪಾದ್ರಿಯನ್ನು ತಂದು ತೂಗುಹಾಕಿದ್ದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕವರು. ಮುನ್ನೂರು ಚಿಲ್ಲರೆ ವರ್ಷ ಹಿಂದಿನ ಬರೋಕ್ ಕಾಲದ ಯಾರೋ ಪ್ರಾಟೆಸ್ಟಂಟ್ ಬೋಧಕರು. ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಚಿತ್ರ. ಗಡ್ಡದ ಕೂದಲು ಕೂದಲನ್ನೂ ಕೊರೆದ ಕಲಾವಿದನಿಗೆ ನಗು ಕೊರೆಯಲು ಮಾತ್ರ ಪುರಸೊತ್ತಾಗಿರಲಿಲ್ಲ. ಕುತ್ತಿಗೆಯ ಸುತ್ತ ನೆರಿಗೆ ನೆರಿಗೆಯ ಬಿಳಿ ಕಾಲರು, ಬೀಸುವ ಕಲ್ಲಿನಲ್ಲಿ ತಲೆ ಸಿಕ್ಕಿಕೊಂಡಂತೆ. ಪಟಗಳಿಗೆ ಕೈಮುಗಿಯಬೇಡಿ ಎಂದು ಗಂಟಲು ಹರಿದುಕೊಂಡ ಪಂಗಡದವರು ತಮ್ಮ ಪಟವನ್ನು ಮಾತ್ರ ಧಾರಾಳವಾಗಿ ಅಚ್ಚು ಹಾಕಿಸಿದ್ದರು. ಎಷ್ಟಾದರೂ ನಮ್ಮ ಪೈಕಿಯೇ.

ಬ್ರಿಸ್ಬೇನಿನ ಸರೋಜಾ ಆಂಟಿ ನನಗೊಂದು ಹೆಣ್ಣು ಹುಡುಕಿದ್ದರು. ಪರ್ತ್‌ನ ಗಣಿ ಕಂಪನಿಯಲ್ಲಿ ಭೂವಿಜ್ಞಾನಿ, ಮೇಘನಾ. ಫೋಟೋ ನೋಡಿದ ದಿನವೇ ನಾನು ಮನಸ್ಸಿನಲ್ಲಿ ಪರ್ತ್‌ಗೆ ಮನೆ ಬದಲಾಯಿಸಿಬಿಟ್ಟಿದ್ದೆ. "ಹುಡುಗಿ ಕಡೆಯವ್ರ್ ಮುಂದೆ ಯಾರ್ ದನೀನೂ ತೆಗೀಬೇಡ ಕಣೋ. ಒಂದ್ ಅರ್ವೋ, ಒಂದೇ ಒಂದ್ ಮಧ್ಯಾಹ್ನ, ನಿನ್ ದನೀಲೇ ಮಾತಾಡು, ಸಾಕು" ಎಂದು ಆಂಟಿ ಫೋನಿನಲ್ಲಿ ಬೇಡಿಕೊಂಡಿದ್ದರು.

ಪರ್ತ್‌ನಿಂದ ಮೇಘನಾ, ಅವಳ ಅಪ್ಪ ಬಂದು ಕೂತರು. ಆಂಟಿ ಫೋನಿನಲ್ಲಿ ಬೇಡಿಕೊಂಡದ್ದನ್ನು ಆಂಟಿಯ ದನಿಯಲ್ಲೇ ಅವರಿಬ್ಬರಿಗೂ ಹೇಳಿ ತೋರಿಸಿ ಕಾಫಿ ಕೊಟ್ಟೆ. ಅಂಕಲ್‌ರ ಕನ್ನಡಕ ಬಾಡಿಗೆ ಕಾರಿನಲ್ಲೇ ಉಳಿದಿತ್ತು. ಪಾದ್ರಿಯ ಕಾಲರನ್ನು ಹೂವಿನ ಹಾರವೆಂದುಕೊಂಡು ಎದ್ದು ಕೈಮುಗಿದರು. "ಯಾವ ಮಠದ ಸ್ವಾಮಿಗಳಪ್ಪ? ಏನ್ ತೇಜಸ್ಸು."

ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ನಮ್ಮ ಮನೆತನದ ಗುರುಗಳು ಅಂಕಲ್" ಎಂದೆ. ಅವರು ದೇವರ ಗೂಡಿನಿಂದ ಕುಂಕುಮ ತಂದು ಗಾಜಿನ ಮೇಲೆ, ಹಣೆಗೆ ಸರಿಯಾಗಿ ಇಟ್ಟರು. ಪಾದ್ರಿಯ ಹುಬ್ಬು ಇನ್ನಷ್ಟು ಗಂಟಿಕ್ಕಿದಂತೆ ಕಂಡಿತು. "ಏನ್ ಉಪದೇಶ ಮಾಡ್ತಿದ್ರು?" ಎಂದು ಅವರು ಕೇಳಿದ್ದೇ ತಡ, ಮೂಗಿನಲ್ಲಿ ದನಿ ಎಳೆದು, "ಮಗೂ, ಸಂಸಾರವೆಂಬುದು..." ಎಂದು ಆಶೀರ್ವಚನ ಶುರುಮಾಡಿದೆ. ಅಂಕಲ್ ಕಣ್ಣು ಮುಚ್ಚಿ ತಲೆದೂಗಿದರು.

ಮೇಘನಾ ಮಾತ್ರ ಚಿತ್ರದಡಿಯ ಲ್ಯಾಟಿನ್ ಸಾಲುಗಳಿಗೆ ಫೋನ್ ಹಿಡಿದು ಅರ್ಥ ಹುಡುಕುತ್ತಿದ್ದಳು. ನನ್ನ ಆಶೀರ್ವಚನ ಮುಗಿಯುವವರೆಗೆ ಕಾದಳು.

"ಅಪ್ಪಾ, ಇವ್ರು ಪಾದ್ರಿ. ಕಲಾವಿದ ಮುಖ ತೋರಿಸ್ಬಹುದು, ದನಿ ತೋರ್ಸಕ್ಕಾಗಲ್ಲ ಅಂತ ಕೆಳಗೆ ಬರ್ದಿದೆ." ಆಮೇಲೆ ನನ್ನತ್ತ ತಿರುಗಿದಳು. "ಆಂಟಿ ದನಿ ಕೇಳಿದ್ದಾಯ್ತು, ಪಾದ್ರಿ ದನೀನೂ ಆಯ್ತು. ಈಗ ನಾನು ಹೂಂ ಅಂದ್ರೆ, ಅವ್ರಿಬ್ರಲ್ಲಿ ಯಾರನ್ನ ಮದ್ವೆ ಆಗ್ಲಿ?"