ಚೀನಾದ ವಿಜ್ಞಾನಿಗೆ ಜೋಡಿ ಸನ್ಮಾನ

ಈ ರಾದ್ಧಾಂತಕ್ಕೆಲ್ಲ ಕಾರಣ ವೇದಿಕೆಯ ಮೇಲಿದ್ದ ಒಂದು ಖಾಲಿ ಕುರ್ಚಿ.

ನಿಡಘಟ್ಟದ ಆಚೆಗಿನ ಊರೊಂದರ ಹೈಸ್ಕೂಲಿನಲ್ಲಿ ಚಲುವರಾಜು ವಿಜ್ಞಾನದ ಮೇಷ್ಟ್ರು. ಚೌಳು ನೆಲದಲ್ಲೂ ಬೆಳೆಯುವ ಭತ್ತ ಕಂಡುಹಿಡಿದು ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ಚೀನಾದ ಡಾ. ಲಿನ್ ಶೂಯುನ್ ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂಗೆ ಬಂದಿದ್ದಾರೆಂದು ತಿಳಿದು, ನಮ್ಮ ಮಕ್ಕಳ ಜೊತೆಗೂ ನಾಲ್ಕು ಮಾತಾಡಿ ಎಂದು ಕೈಮುಗಿದು ಕರೆದಿದ್ದರು. ಅವರೂ ಒಪ್ಪಿದರು. ಇಲ್ಲಿಯವರೆಗೆ ಯಾರ ತಪ್ಪೂ ಇಲ್ಲ. ಸುದ್ದಿ ಊರಿನ ಸನ್ಮಾನ ಸಮಿತಿಯ ಅಧ್ಯಕ್ಷ ದೊಡ್ಡಸಿದ್ದಯ್ಯನವರ ಕಿವಿಗೆ ಬಿದ್ದ ಮೇಲೆ ಎಲ್ಲ ಕೆಟ್ಟಿತು.

ಯಾರನ್ನಾದರೂ ಸನ್ಮಾನಿಸದಿದ್ದರೆ ದೊಡ್ಡಸಿದ್ದಯ್ಯನವರಿಗೆ ಕೈ ತುರಿಸುತ್ತದೆ. ಲೈನ್‌ಮ್ಯಾನ್ ನಿವೃತ್ತನಾದರೂ ಶಾಲು, ವರ್ಗವಾದರೂ ಶಾಲು. ಆದರೆ ಅವರದೊಂದು ಕಟ್ಟುನಿಟ್ಟು: ಸನ್ಮಾನವೆಂದರೆ ದಂಪತಿ ಸಮೇತ. ಗಂಡನ ತಲೆಗೆ ಮೈಸೂರು ಪೇಟ, ಹೆಂಡತಿಗೆ ಅರಿಶಿನ ಕುಂಕುಮ, ಹಣ್ಣಿನ ಬುಟ್ಟಿಗೆ ಇಬ್ಬರದೂ ಕೈ.

ಅದೇ ದಿನ ಮಳವಳ್ಳಿಯಲ್ಲಿ ಮೇಷ್ಟ್ರ ಬಾಮೈದ ಮರಿಸಿದ್ದಯ್ಯನ ಮನೆಯಲ್ಲಿ ಬೀಗರೂಟ. "ಊಟದೊತ್ಗೆ ಬರ್ನಿಲ್ಲ ಅಂದ್ರೆ ಮನೆ ಕಡೆ ತಲೆ ಆಕ್ಬ್ಯಾಡಿ" ಎಂದು ಹೆಂಡತಿ ವನಜಾ ಹೇಳಿಯೇ ಮುಂದೆ ಹೋಗಿದ್ದಳು. ಕಳೆದ ಸಲ ಹೀಗೇ ಒಂದು ಊಟ ತಪ್ಪಿಸಿಕೊಂಡಿದ್ದಕ್ಕೆ ಮೇಷ್ಟ್ರು ಎಷ್ಟೋ ದಿನ ಉಪ್ಪಿಲ್ಲದ ಸಾರು ಉಂಡಿದ್ದರು.

ಲಿನ್ ಮೇಡಂ ಕಾರಿನಿಂದ ಇಳಿದರೋ ಇಲ್ಲವೋ, ಪಂಚಾಯ್ತಿ ಮೆಂಬರ್ ಇಂದ್ರಮ್ಮ ಕೇಳಿದರು: "ಯಜಮಾನ್ರೆಲ್ಲವ್ರೆ?"

ಲಿನ್ ಮೇಡಮ್ಮಿನ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಲು ಬಂದಿದ್ದ ಕೃಷಿ ವಿದ್ಯಾರ್ಥಿನಿ ರಂಜಿತ, "ಬಂದಿಲ್ವಂತೆ ಅಮ್ಮ. ಒಬ್ರೇ ಬಂದವ್ರೆ" ಎಂದಳು.

"ಅಷ್ಟ್ ದೂರ ಒಬ್ಳೇನಾ? ಬುಟ್ಬುಟ್ನೇನೋ, ಪಾಪ!"

ದೊಡ್ಡಸಿದ್ದಯ್ಯ ಪೇಟ ಹಿಡಿದುಕೊಂಡು ಖಾಲಿ ಕುರ್ಚಿಯನ್ನೇ ದಿಟ್ಟಿಸಿದರು. "ಒಂಟಿ ಎಂಗ್ಸಿಗೆ ಸಾಲು ಒದ್ಸಿ ನಂಗ್ ಅಭ್ಯಾಸ ಇಲ್ಲ. ಈ ಪೇಟನ ಯಾರ್ ತಲೆಗಿಕ್ಲಿ? ಮೇಷ್ಟ್ರೇ, ಕರ್ಸಿದ್ದು ನೀವೇ ತಾನೆ? ಬನ್ನಿ, ಕುಂತ್ಕಳಿ."

"ಅಯ್ಯೋ ಅಯ್ನೋರೆ, ಪ್ರಶಸ್ತಿ ಬಂದಿರೋದು ಅವ್ರಿಗೆ..."

"ಪ್ರಸಸ್ತಿ ಅವ್ರ್ದೇ ಇರ್ಲಿ ಬುಡಿ. ಪೇಟ ನಿಮ್ದು."

ನಾಲ್ಕು ಜನ ಹಿಡಿದು ಕೂರಿಸಿದರು. ಫೋಟೋಗ್ರಾಫರ್ ಪುಟ್ಟರಾಜು ಮದುವೆ ಫೋಟೋ ತೆಗೆದೇ ಪಳಗಿದವನು. "ಸಾ, ಒಸಿ ಅತ್ರ ಬನ್ನಿ. ಮೇಡಂ ಕಡೆ ನೋಡಿ. ನಗಾಡಿ!" ಎಂದ. ಇದೂ ಒಂದು ಪದ್ಧತಿಯಿರಬೇಕೆಂದುಕೊಂಡು ಲಿನ್ ಮೇಡಂ ನಕ್ಕರು. ಮರ್ಯಾದೆಗೆ ಮೇಷ್ಟ್ರೂ ನಕ್ಕರು.

ದೊಡ್ಡಸಿದ್ದಯ್ಯ ಭಾಷಣಕ್ಕೆ ನಿಂತರು. ತಾವು ಈವರೆಗೆ ಹೊದಿಸಿದ ಶಾಲುಗಳ ಚರಿತ್ರೆಯನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ ವಿಜ್ಞಾನಕ್ಕೆ ಬಂದರು. "ಇಂತಾ ಸಾಧ್ನೆ ಮಾಡಕ್ಕೆ ಆಯಮ್ಮನ್ನ ಮನೆಯೋರು ಬುಟ್ರಲ್ಲ, ಅದು ಕಣ್ರಪ್ಪ ಸಾಧ್ನೆ!" ಜನ ಚಪ್ಪಾಳೆ ತಟ್ಟಿ ಚಲುವರಾಜು ಕಡೆ ನೋಡಿದರು. ತಲೆಯ ಮೇಲಿನ ಪೇಟದ ಮಹಿಮೆಯೋ ಏನೋ, ಮೇಷ್ಟ್ರು ಕೈಮುಗಿದುಬಿಟ್ಟರು. ಲಿನ್ ಮೇಡಂ ಮಾತಾಡಲು ಎದ್ದಾಗ ಕರೆಂಟು ಹೋಯಿತು. ಮುಂದಿನ ಸಾಲಿನ ಮಕ್ಕಳಿಗಷ್ಟೇ ಒಂದಿಷ್ಟು ಕೇಳಿಸಿತು.

ಮೇಷ್ಟ್ರು ಪೇಟ ತೆಗೆಯುವಷ್ಟರಲ್ಲಿ ಫೋಟೋ ಅವರ ಮೊಬೈಲಿಗೇ ಬಂದಿತ್ತು. ಕೆಳಗೆ ಬರೆದಿತ್ತು: 'ಭತ್ತದ ಸಂಶೋಧನೆಗೆ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ಚಲುವರಾಜು ದಂಪತಿಗೆ ಸನ್ಮಾನ.' ಮೇಷ್ಟ್ರು ಫೋಟೋಗ್ರಾಫರ್ ಹತ್ತಿರ ಓಡಿದರು.

"ಪುಟ್ರಾಜು, ದಮ್ಮಯ್ಯ, ಅಳಿಸಪ್ಪ!"

"ಆಗ್ಲೇ ಮದ್ದೂರ್ ದಾಟ್ತು ಸಾ. ಆದ್ರೂ ಸಕತ್ತಾಗ್ ಬಂದದೆ. ನಿಮ್ ಮದ್ವೇಲೂ ನೀವ್ ಇಂಗ್ ನಕ್ಕಿರ್ನಿಲ್ಲ."

ಮೇಷ್ಟ್ರು ಬೈಕ್ ಹತ್ತಿ ಮಳವಳ್ಳಿ ಕಡೆ ಬಿಟ್ಟರು. ಭಾರತೀನಗರದಲ್ಲಿ ಕಬ್ಬಿನ ಲಾರಿಗಳ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದಾಗ ಹಳೇ ಶಿಷ್ಯನೊಬ್ಬ ಲಾರಿಯ ಮೇಲಿಂದಲೇ ಕೂಗಿದ: "ಸಾ, ಮೇಡಮ್ಮೋರ್ನ ಕರ್ಕಂಡ್ ಬರ್ನಿಲ್ವಾ?" ಮೇಷ್ಟ್ರಿಗೆ ಬೈಕು ತಿರುಗಿಸಿ ಎಲ್ಲಾದರೂ ದೇಶಾಂತರ ಹೋಗಿಬಿಡೋಣ ಅನ್ನಿಸಿತು.

ಮಳವಳ್ಳಿಯ ಶಾಮಿಯಾನದಲ್ಲಿ ಬೈಗುಳದ ಬದಲು ಚಪ್ಪಾಳೆ ಎದುರಾಯಿತು. ಮರಿಸಿದ್ದಯ್ಯ ಓಡಿಬಂದು ತಬ್ಬಿಕೊಂಡ. "ಬಾವ, ಅಷ್ಟ್ ದೊಡ್ ಪ್ರಸಸ್ತಿ ಬಂದದೆ, ಒಂದ್ ಮಾತ್ ಏಳ್ಬಾರ್ದಾ?"

ಬಾಯಿ ತೆರೆಯುವಷ್ಟರಲ್ಲಿ ವನಜಾ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಪ್ರಸಸ್ತಿ ನಿಮ್ದೇ, ಆಯಮ್ಮ ಕೊಡಕ್ ಬಂದಿದ್ದ ಆಪೀಸರ್ರು ಅಂತ ಎಲ್ರಿಗೂ ಏಳಿವ್ನಿ. ಬಾಯ್ ಮುಚ್ಕಂಡ್ ಒಪ್ಕಳಿ."

"ವನಜಾ, ಅದು ಅವ್ರ್ದು ಕಣೆ..."

"ಅವ್ರ್ದಾದ್ರೆ, ಪೇಟ ಇಕ್ಕಂಡು ಅಲ್ಲು ಕಿರ್ಕಂಡು ನೀವ್ಯಾಕ್ ಪಕ್ದಲ್ ಕುಂತಿದ್ರಿ? ಇಷ್ಟು ಜನಕ್ಕೆ ಏನಂತ ಏಳ್ಲಿ?"

ಸಂಸಾರ ಉಳಿಯಬೇಕಾದರೆ ಪ್ರಶಸ್ತಿ ಇಟ್ಟುಕೊಳ್ಳಲೇಬೇಕು. ಹಾಗಾಗಿ ಮೇಷ್ಟ್ರು ಇಟ್ಟುಕೊಂಡರು. ಚೌಳು ಗದ್ದೆಯವರು ಬಂದು ಬೀಜ ಕೇಳಿದಾಗ, "ನೋಡಾಣ, ನೋಡಾಣ" ಎಂದು ಗಂಭೀರವಾಗಿ ತಲೆಯಾಡಿಸುವಷ್ಟು ರೂಢಿಯೂ ಆಗುತ್ತ ಬಂತು.

ಅಷ್ಟರಲ್ಲಿ ಶಾಮಿಯಾನದ ಮುಂದೆ ಕಾರು ನಿಂತಿತು. ಬೀಗರೂಟಕ್ಕೆ ದೊಡ್ಡಸಿದ್ದಯ್ಯನವರಿಗೂ ಕರೆಯಿತ್ತು. ಬೀಗರೂಟ ಹೇಗಿರುತ್ತದೆಂದು ನೋಡಲು ಆಸೆಪಟ್ಟ ಲಿನ್ ಮೇಡಮ್ಮನ್ನೂ ರಂಜಿತಳನ್ನೂ ಅವರು ಜೊತೆಗೇ ಕರೆತಂದಿದ್ದರು.

ಮರಿಸಿದ್ದಯ್ಯ ಎರಡೂ ಕೈ ಮುಗಿದ. "ನಮ್ ಬಾವುಂಗೆ ಪ್ರಸಸ್ತಿ ಕೊಟ್ರಲ್ಲ ಮೇಡಂ, ತುಂಬಾ ಸಂತೋಸ."

ಮೇಷ್ಟ್ರು ಬೇಡ ಬೇಡ ಎಂದು ಸನ್ನೆ ಮಾಡಿದರೂ ರಂಜಿತ ಅದನ್ನು ಅಚ್ಚುಕಟ್ಟಾಗಿ ಇಂಗ್ಲಿಷಿಗೆ ತಿರುಗಿಸಿದಳು. ಲಿನ್ ಮೇಡಂ ಮೇಷ್ಟ್ರನ್ನು ಒಮ್ಮೆ ನೋಡಿ, ಜೋರಾಗಿ ನಕ್ಕು ಏನೋ ಹೇಳಿದರು.

"ಪ್ರಶಸ್ತಿ ಮೇಡಮ್ಮೋರ್ದೇ ಅಂತೆ. ಆದ್ರೂ ಪರ್ವಾಗಿಲ್ಲ, ಅಭ್ಯಾಸ ಆಗೋಗದೆ ಅಂತಾವ್ರೆ," ಎಂದಳು ರಂಜಿತ. "ಮೊದಲ್ನೇ ಪ್ರಶಸ್ತಿ ಬಂದಾಗ ಯಜಮಾನ್ರನ್ನೂ ಕರ್ಕಂಡ್ ಹೋಗಿದ್ರಂತೆ. ಮಾರ್ನೇ ದಿನ ಪೇಪರ್‌ನಲ್ಲಿ ಅವ್ರ ಯಜಮಾನ್ರನ್ನೇ ವಿಜ್ಞಾನಿ ಮಾಡ್ಬುಟ್ಟಿದ್ರಂತೆ. ಅವತ್ತಿಂದ ಎಲ್ಲಿಗ್ ಹೋದ್ರೂ ಯಜಮಾನ್ರನ್ನ ಮನೇಲೇ ಬುಟ್ಟು ಬರ್ತಾರಂತೆ."

ಮೊದಲು ನಕ್ಕವರು ಹೆಂಗಸರು. ಅವರಲ್ಲೂ ಎಲ್ಲರಿಗಿಂತ ಜೋರಾಗಿ ನಕ್ಕವಳು ವನಜಾ. ಅವಳೇ ಹೋಗಿ ಲಿನ್ ಮೇಡಮ್ಮನ ಕೈ ಹಿಡಿದು ಕರೆತಂದು, ತನ್ನ ಪಕ್ಕದಲ್ಲಿ ಕೂರಿಸಿ ಎಲೆ ಹಾಕಿಸಿದಳು. ಮುದ್ದೆ ಬಂತು, ಮಟನ್ ಸಾರು ಬಂತು. ಗಂಡಾಂತರ ಕಳೆಯಿತೆಂದು ನಿಟ್ಟುಸಿರುಬಿಟ್ಟ ಮೇಷ್ಟ್ರು ಎದುರು ಸಾಲಿನಲ್ಲಿ ಕೂರಲು ಪಂಚೆ ಎತ್ತಿಕಟ್ಟಿದರು.

"ನೀವ್ಯಾಕ್ ಕುಂತ್ಕತಿದ್ದೀರಿ?" ಎಂದಳು ವನಜಾ.

"ಊಟಕ್ಕೆ..."

"ಆಯಮ್ಮ ಏಳಿದ್ ಕೇಳುಸ್ನಿಲ್ವಾ? ಇನ್ಮೇಕೆ ನಾನೂ ಒಬ್ಳೇ ಬರೋದು. ನಡೀರಿ ಮನೆಗೆ, ಅಸೂಗೆ ಉಲ್ಲಾಕಿ."

ಲಿನ್ ಮೇಡಂ ಮುದ್ದೆ ಮುರಿಯುವುದನ್ನು ಕಲಿಯುತ್ತಿದ್ದರು. ಮೇಷ್ಟ್ರು ಹಸಿದ ಹೊಟ್ಟೆಯಲ್ಲೇ ಬೈಕಿನ ಕಡೆ ನಡೆದರು.